ಭುವಿಯ ಕಂಪ್ಯೂಟರಿಗೆ ಹಾಕಿಸಿದ ಕೀಲಿ

ವಿಲೆ ಪಾರ್ಲೆ ಪೂರ್ವ, ಮುಂಬಯಿ
ರವಿವಾರ, 24 ಆಗಸ್ಟ್ 2025

ಪ್ರೀತಿಯ ಅಕ್ಕ ಮಲ್ಲವ್ವನಿಗೆ ತಂಗಿ ಶೈಲಾ ಮಾಡುವ ನಮಸ್ಕಾರ.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ರೂಢಿ, ಆದ್ದರಿಂದ ಬರೆದಿದ್ದೇನೆ. ನಿನ್ನ ಮೊಣಕಾಲು ಹೇಗಿದೆ? ಭಾವ ಇನ್ನೂ ಕದ್ದು ಸಿಹಿ ತಿನ್ನುತ್ತಾರೆಯೇ?

ನೀನು ಮೂರು ಸಲ ಫೋನ್ ಮಾಡಿ ಕೇಳಿದೆ, "ಶೈಲಾ, ಭುವಿ ಕಂಪ್ಯೂಟರಿಗೆ ಅದೇನೋ ಲಾಕ್ ಹಾಕಿಸೀಯಂತಲ್ಲ, ನಮ್ಮ ಶರಣುಗೂ ಹಾಕಸಬೇಕು, ಹೆಂಗಂತ ಹೇಳ" ಎಂದು. ಮೂರೂ ಸಲ "ಹೇಳತೀನಿ ತಡಿ" ಎಂದು ಜಾರಿಕೊಂಡೆ. ತಪ್ಪಾಯಿತು, ಸಿಟ್ಟು ಮಾಡಬೇಡ. ಫೋನಿನಲ್ಲಿ ಹೇಳಲು ಆಗುವುದಿಲ್ಲ. ಎರಡು ಕೋಣೆಯ ಮನೆಯಲ್ಲಿ ಭುವಿ ಇಲ್ಲೇ ಇರುತ್ತಾಳೆ, ನಮ್ಮ ಮಾತು ಅವಳಿಗೆ ತಿಳಿಯುತ್ತದೆ. ವಾಟ್ಸಾಪ್ ಅಂತೂ ಅವಳೇ ಹಾಕಿಕೊಟ್ಟದ್ದು. ಆದರೆ ಕನ್ನಡ ಓದಲು ಅವಳಿಗೆ ಬಾರದು. ಹಾಗಾಗಿ ಅವಳ ಎದುರಿಗೇ ಕೂತು ರಾಜಾರೋಷವಾಗಿ ಈ ಕಾಗದ ಬರೆಯುತ್ತಿದ್ದೇನೆ. ಈಗಷ್ಟೇ ಬಗ್ಗಿ ನೋಡಿ, "ಮಮ್ಮಿ, ದೊಡ್ಡವ್ವ ಕೋ ಲೆಟರ್? ಇಸ್ ಜಮಾನೇ ಮೇಂ?" ಎಂದು ನಕ್ಕು ಹೋದಳು.

ನೀನು ಬಂದಾಗ ನಾವು ಚಾಳಿನಲ್ಲಿದ್ದೆವು. ಅದನ್ನು ಕೆಡವಿ ಕಟ್ಟಿದ ಬಿಲ್ಡಿಂಗಿನ ಒಂಬತ್ತನೆಯ ಮಾಳಿಗೆಯಲ್ಲಿ ಈಗ ನಮ್ಮ ಮನೆ. ಲಿಫ್ಟ್ ಇದೆ, ಕೆಟ್ಟಿರುತ್ತದೆ. ಒಂದು ಮಲಗುವ ಕೋಣೆ, ಒಂದು ಹೊರಕೋಣೆ, ಅದಕ್ಕೇ ಅಂಟಿಕೊಂಡು ಅಡುಗೆಕಟ್ಟೆ. ಇವರು ಏರ್‌ಪೋರ್ಟಿನ ಗೋದಾಮಿನಲ್ಲಿ ಅದೇ ಪಾಳಿ ಕೆಲಸ ಮಾಡುತ್ತಾರೆ. ನಾನು ಅದೇ ಜೋಳದ ರೊಟ್ಟಿ ಬಡಿಯುತ್ತೇನೆ. ಬೆಳಿಗ್ಗೆ ಅರವತ್ತು, ಸಂಜೆ ನಲವತ್ತು. ಮರಾಠಿಯವರು ಭಾಕ್ರಿ ಎಂದು ಒಯ್ಯುತ್ತಾರೆ, ನಮ್ಮವರು ರೊಟ್ಟಿ ಎಂದು ಒಯ್ಯುತ್ತಾರೆ. ಬದಲಾದವಳು ಭುವಿ ಒಬ್ಬಳೇ. ಎಂಟನೆಯ ತರಗತಿಯಲ್ಲಿ ಒಳ್ಳೆಯ ಮಾರ್ಕ್ಸ್ ಬಂತೆಂದು ದೊಡ್ಡ ಇಂಗ್ಲಿಷ್ ಶಾಲೆಯೊಂದು ಅವಳನ್ನು ಫೀ ಮಾಫಿ ಮಾಡಿ ಸೇರಿಸಿಕೊಂಡಿತು. ಅಲ್ಲಿಗೆ ಪವಾಯಿಯ ಕೆರೆ ಕಾಣುವ ಮನೆಗಳಿಂದ ಹುಡುಗಿಯರು ಕಾರಿನಲ್ಲಿ ಬರುತ್ತಾರೆ. ನಾನು ಊರಿಗೆಲ್ಲ ಪೇಢೆ ಹಂಚಿದೆ, ನೆನಪಿದೆಯಲ್ಲ?

ಅಲ್ಲಿಂದ ಶುರುವಾಯಿತು. ಶಾಲೆಯಿಂದ ಬಂದವಳು ಚೀಲ ಎಸೆದು ಕೋಣೆ ಸೇರಿದರೆ ಮುಗಿಯಿತು. ಕಿವಿಗೆ ಆ ಯಂತ್ರ, ಕಣ್ಣಿಗೆ ಕಂಪ್ಯೂಟರ್. ಊಟಕ್ಕೆ ಕರೆದರೆ "ಹಾಂ", ನೀರು ಬೇಕೇ ಎಂದರೆ "ನಕೋ". ಮೊದಲು ನಾನು ರೊಟ್ಟಿ ಬಡಿಯುವಾಗ ಕಟ್ಟೆಯ ಮೇಲೆ ಹತ್ತಿ ಕೂತು ಶಾಲೆಯ ಪುರಾಣವನ್ನೆಲ್ಲ ಹೇಳುತ್ತಿದ್ದ ಹುಡುಗಿ. ಕೆಟ್ಟ ಚಿತ್ರ ನೋಡಿಯಾಳು, ಕೆಟ್ಟವರ ಸಹವಾಸ ಬಿದ್ದೀತು ಎಂದು ಜನ ಹೆದರುತ್ತಾರೆ. ನನಗೆ ಆ ಹೆದರಿಕೆ ಆಮೇಲಿನದು ಅಕ್ಕಾ. ಇರುವವಳೊಬ್ಬಳು ಮಗಳು, ಕಣ್ಣೆದುರಿಗೇ ಕೈತಪ್ಪಿ ಹೋಗುತ್ತಿದ್ದಾಳಲ್ಲ ಎಂಬುದು ನನ್ನ ಭಯವಾಗಿತ್ತು.

ಜೂನಿನಲ್ಲಿ ಶಾಲೆಯಲ್ಲಿ ಪಾಲಕರ ಸಭೆ ಕರೆದರು. ಮೇಡಂ ಎರಡು ಮಾತು ಹೇಳಿದರು. ಕಂಪ್ಯೂಟರಿಗೆ ಪಾಲಕರ ಲಾಕ್ ಹಾಕಿ, ಇಷ್ಟು ಹೊತ್ತಿಗೆ ತಾನೇ ಬಂದ್ ಆಗಬೇಕು, ಬೇಡದ್ದು ತೆರೆಯಬಾರದು. ಮತ್ತೆ ಅದನ್ನು ಮಗುವಿನ ಕೋಣೆಯಲ್ಲಿ ಇಡಬೇಡಿ, ಎಲ್ಲರಿಗೂ ಕಾಣುವ ಕಡೆ ಇಡಿ. ನಾನು ತಲೆಯಾಡಿಸಿ ಬಂದೆ. ಲಾಕ್ ಹಾಕುವವರು ಯಾರು? ಇವರನ್ನು ಕೇಳಿದರೆ, "ಭುವಿ ಕಡೆನ ಹಾಕಿಸ್ಕೋ. ಗ್ಯಾಸ್ ಬುಕ್ ಮಾಡಾಕಿ ಅಕಿ, ನಿನ್ನ ಆಧಾರ್ ತಿದ್ದಿಸಿದಾಕಿ ಅಕಿ, ಇದೊಂದು ಬ್ಯಾರೇ ಏನು?" ಎಂದರು.

ನಗಬೇಡ. ನಿಜವಾಗಿ ಅವಳನ್ನೇ ಕರೆದು, "ನಿನ್ನ ಕಂಪ್ಯೂಟರಿಗೆ ನೀನ ಲಾಕ್ ಹಾಕ್ಕೋ" ಎಂದೆ. ಹುಡುಗಿ ಹೊಟ್ಟೆ ಹಿಡಿದು ನಕ್ಕಳು. ಆಮೇಲೆ ಕೂತು ಎಲ್ಲ ಓದಿ, ನನ್ನ ಹೆಸರಲ್ಲಿ ಖಾತೆ ತೆರೆದು, "ಮಮ್ಮಿ, ಕಿತನೇ ಬಜೇ ಬಂದ್ ಕರೂಂ?" ಎಂದು ಕೇಳಿ, ಒಂಬತ್ತಕ್ಕೆ ಇಟ್ಟು, ಪಾಸ್‌ವರ್ಡನ್ನು ನನ್ನ ಕ್ಯಾಲೆಂಡರಿನ ಹಿಂದೆ ಬರೆದುಕೊಟ್ಟಳು. ಒಂಬತ್ತು ಹೊಡೆದರೆ ಪರದೆ ಕಪ್ಪಾಗುತ್ತಿತ್ತು. ಎದ್ದು ಬಂದು ಊಟಕ್ಕೆ ಕೂರುತ್ತಿದ್ದಳು. ಅಷ್ಟಕ್ಕೇ ಸುಮ್ಮನಿರಬೇಕಿತ್ತು ನಾನು. ಆದರೆ ಕಳ್ಳನ ಕೈಯಲ್ಲೇ ಕೀಲಿಕೈ ಕೊಟ್ಟೆನಲ್ಲ, ಇನ್ನೊಂದು ಕೀಲಿಕೈ ಅವಳ ಹತ್ತಿರ ಇರದೇ ಇದ್ದೀತೇ ಎಂಬ ಹುಳ ತಲೆಗೆ ಹೊಕ್ಕಿತು. ಇರಲಾರದೆ ಇರುವೆ ಬಿಟ್ಟುಕೊಂಡರಂತೆ, ಹಾಗಾಯಿತು ನನ್ನ ಕಥೆ.

ಸ್ಟೇಷನ್ ಹತ್ತಿರ ಕಂಪ್ಯೂಟರ್ ರಿಪೇರಿ ಅಂಗಡಿಯ ಕಾಶಿನಾಥ ಇದ್ದಾನೆ, ನಮ್ಮ ಇಂಡಿ ಕಡೆಯವನು. ಭುವಿ ಶಾಲೆಗೆ ಹೋದಾಗ ಅವನನ್ನು ಕರೆಸಿದೆ. "ಅಕ್ಕಾರ, ಟೈಮ್ ಲಾಕ್ ಏನ್ ಲಾಕ್? ಅಕಿ ಏನ್ ಟೈಪ್ ಮಾಡತಾಳ, ಅದೆಲ್ಲಾ ನಿಮ್ಮ ಫೋನಿಗೆ ಬರೂಹಂಗ ಮಾಡತೀನಿ. ಅಕಿಗೆ ಗೊತ್ತಾಗೂದಿಲ್ಲ" ಎಂದ. ಮಾಡಿಯೂ ಬಿಟ್ಟ. ಹೋಗುವ ಮೊದಲು ಮೇಜನ್ನೂ ಎಳೆದು ಹೊರಕೋಣೆಯಲ್ಲಿ, ನನ್ನ ಅಡುಗೆಕಟ್ಟೆಗೆ ಬೆನ್ನು ಮಾಡಿ ಕೂರುವ ಹಾಗೆ ಹಾಕಿಕೊಟ್ಟ. ಅವಳು ಏನು ನೋಡುತ್ತಾಳೆ ಎಂಬುದು ರೊಟ್ಟಿ ಬಡಿಯುತ್ತಲೇ ನನಗೆ ಕಾಣಬೇಕು ಎಂಬುದು ಲೆಕ್ಕಾಚಾರ. ಅವಳ ಕ್ಯಾಮೆರಾಕ್ಕೆ ನಾನೂ ಕಾಣುತ್ತೇನೆ ಎಂಬುದು ಹೊಳೆಯಲಿಲ್ಲ.

ಮೊದಲ ವಾರ ಬಂದದ್ದನ್ನೆಲ್ಲ ಕೂಡಿಸಿ ಕೂಡಿಸಿ ಓದಿದೆ. ನನ್ನ ಇಂಗ್ಲಿಷ್ ಎಂದರೆ ಸ್ಟೇಷನ್ ಬೋರ್ಡಿನ ಇಂಗ್ಲಿಷ್. ಅರ್ಧ ತಿಳಿಯಿತು. ಲೆಕ್ಕದ ಪ್ರಶ್ನೆ, ಹಾಡಿನ ಹೆಸರು, ಸುಮ್ಮನೆ ಹ್ಹ ಹ್ಹ ಹ್ಹ. ಎಷ್ಟು ಒಳ್ಳೆಯ ಹುಡುಗಿ, ನಾನೆಂಥ ಪಾಪಿ ಎಂದುಕೊಂಡೆ. ಎರಡನೆಯ ವಾರದ ಗುರುವಾರ, ಅವಳು ಅನಾಯಾ ಎಂಬ ಗೆಳತಿಯ ಜೊತೆ ವಿಡಿಯೋದಲ್ಲಿ ಅಭ್ಯಾಸಕ್ಕೆ ಕೂತಿದ್ದಳು. ನಾನು ಹಿಂದೆ ಸಂಜೆಯ ರೊಟ್ಟಿ ಬಡಿಯುತ್ತಿದ್ದೆ. ಗೆಳತಿ ಏನು ಕೇಳಿದಳೋ ಗೊತ್ತಿಲ್ಲ, ಅವಳ ಮಾತು ನನ್ನ ಫೋನಿಗೆ ಬರುವುದಿಲ್ಲ. ಭುವಿ ಬಾಯಲ್ಲಿ ಹೇಳದೆ ಟೈಪ್ ಮಾಡಿದ ಉತ್ತರ ಬಂತು. ಅಕ್ಷರ ಇಂಗ್ಲಿಷ್, ಮಾತು ಹಿಂದಿ. ಆದ್ದರಿಂದ ಒಂದೇ ಸಲಕ್ಕೆ ತಿಳಿಯಿತು. "ಅರೇ ವೋ? ಹಮಾರೀ ಬಾಯಿ ಹೈ. ರೋಟಿ ಬನಾನೇ ಆತೀ ಹೈ."

ಈ ಊರಲ್ಲಿ ಮನೆಗೆಲಸದವಳನ್ನು ಬಾಯಿ ಎನ್ನುತ್ತಾರೆ, ನಿನಗೆ ಗೊತ್ತು. ನಾನು ರೊಟ್ಟಿ ಮಾಡಲು ಬರುವ ಬಾಯಿಯಂತೆ.

ಅಂದು ಮೂರು ರೊಟ್ಟಿ ಸೀದವು. ಕೇಳೋಣವೆಂದು ಬಾಯಿ ತೆರೆದೆ, ಏನೆಂದು ಕೇಳುವುದು? ಹೇಗೆ ಗೊತ್ತಾಯಿತು ಎಂದರೆ ಕಳ್ಳಿ ನಾನೇ ಆಗುತ್ತೇನೆ. ಇವರಿಗೆ ಹೇಳಿದರೆ ಹುಡುಗಿಗೆ ಏಟು ಬೀಳುತ್ತದೆ. ಮಾರನೆಯ ದಿನದಿಂದ ನಾನೊಂದು ಹುಚ್ಚು ಮಾಡಿದೆ. ಸಂಜೆ ರೊಟ್ಟಿಗೆ ನಿಲ್ಲುವಾಗ ನೀನು ಮನೆಪ್ರವೇಶಕ್ಕೆ ಕಳಿಸಿದ ಇಳಕಲ್ ಸೀರೆ ಉಟ್ಟೆ, ಕಿವಿಗೆ ಬೆಂಡೋಲೆ ಹಾಕಿದೆ. ಅಷ್ಟು ಉಟ್ಟವಳನ್ನು ಕೆಲಸದವಳು ಎನ್ನಲಾರರು ಎಂದು. ನಾಲ್ಕು ದಿನ ಒಳ್ಳೆಯ ಸೀರೆಗೆ ಹಿಟ್ಟು ಮೆತ್ತಿಕೊಂಡೆ. ಭುವಿ ತಿರುಗಿ ನೋಡಿ, "ಮಮ್ಮಿ, ಕಹೀಂ ಜಾ ರಹೀ ಹೋ?" ಎಂದಳು, ನಾನು ಎಲ್ಲಿಗೋ ಹೊರಟಿದ್ದೇನೆಂದು ಅವಳ ಎಣಿಕೆ. ಐದನೆಯ ದಿನ ಕ್ಯಾಮೆರಾವನ್ನು ಗೋಡೆಯ ಕಡೆ ತಿರುಗಿಸಿಕೊಂಡು ಕೂತಳು.

ಕಾಶಿನಾಥನನ್ನು ಮತ್ತೆ ಕರೆಸಿ, ಅವಳು ಬರೆದದ್ದು ನನ್ನ ಫೋನಿಗೆ ಬರುವುದನ್ನು ತೆಗೆಸಿದೆ. "ಯಾಕ್ರೀ ಅಕ್ಕಾರ, ಏನಾರ ಸಿಕ್ತೇನು?" ಎಂದ. "ಏನೂ ಇಲ್ಲಪಾ, ಹುಡುಗಿ ಬಂಗಾರದಂಥಾಕಿ" ಎಂದೆ.

ಅವಳ ಮೇಲೆ ಸಿಟ್ಟೂ ಬರುವುದಿಲ್ಲ ಅಕ್ಕಾ, ಅದೇ ಕಷ್ಟ. ಆ ಶಾಲೆಗೆ ಹಾಕಬೇಕೆಂದು ಹಟ ಹಿಡಿದವಳು ನಾನು, ಅಲ್ಲಿಯವರ ಹಾಗೆ ಮಾತಾಡು ಎಂದು ಬೆನ್ನು ಹತ್ತಿದವಳೂ ನಾನು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಮಕ್ಕಳಿಗೆ ಹೆತ್ತವರು ಹೇಗೆ ಕಾಣಬೇಕು ಎಂದು ಯಾರೂ ಗಾದೆ ಮಾಡಿಟ್ಟಿಲ್ಲ. ಇದಕ್ಕೆ ಯಾವ ಕೀಲಿಯೂ ಇಲ್ಲ. ಹತ್ತನೆಯದು ಮುಗಿಯುತ್ತದೆ, ಕಾಲೇಜಿಗೆ ಹೋಗುತ್ತಾಳೆ, ಇನ್ನೂ ದೊಡ್ಡ ಮನೆಯವರು ಗೆಳೆಯರಾಗುತ್ತಾರೆ. ಸರಿಹೋದೀತು ಎಂದು ಬರೆಯಲು ನನಗೆ ಮನಸ್ಸು ಬರುತ್ತಿಲ್ಲ.

ನಿಮ್ಮ ಶರಣುಗೆ ಹೊತ್ತಿನ ಲಾಕ್ ಬೇಕಾದರೆ ಹಾಕು. ಅವನಿಗೇ ಹಾಕಲು ಹೇಳು, ಹಾಕಿಕೊಡುತ್ತಾನೆ. ಅವನು ಬರೆದದ್ದನ್ನು ಓದಲು ಮಾತ್ರ ಹೋಗಬೇಡ. ಇದನ್ನು ಹೇಳಲಿಕ್ಕೇ ಇಷ್ಟೆಲ್ಲ ಬರೆದೆ. ಭಾವನವರಿಗೆ ನಮಸ್ಕಾರ ತಿಳಿಸು. ಶರಣುಗೆ ಚಿಕ್ಕವ್ವನ ಆಶೀರ್ವಾದ, ಆಯುಷ್ಯವಂತನಾಗಿ ನಿನ್ನ ಕೈಯಳತೆಯಲ್ಲೇ ಬೆಳೆಯಲಿ.

ನಿನ್ನ ತಂಗಿ,
ಶೈಲಾ

ತಾಜಾಕಲಂ: ಕಾಗದ ಮಡಿಸಿದವಳು ಮತ್ತೆ ಬಿಚ್ಚಿದೆ. ನಿನಗೆ ಹೇಳದೆ ಯಾರಿಗೆ ಹೇಳಲಿ? ನಿನ್ನೆ ಮಧ್ಯಾಹ್ನ ಬಾಗಿಲ ಬೆಲ್ ಆಯಿತು, ಹಿಟ್ಟಿನ ಕೈಯಲ್ಲೇ ಬಾಗಿಲು ತೆಗೆದೆ. ಆ ಅನಾಯಾ ನಿಂತಿದ್ದಳು, ಹೇಳದೆ ಕೇಳದೆ ಬಂದಿದ್ದಳು. ನನ್ನ ಹಿಂದೆ ಭುವಿಯ ಮುಖ ಬಿಳುಚಿಕೊಂಡಿತ್ತು. ಆ ಮುಖ ನನಗೆ ನೋಡಲಾಗಲಿಲ್ಲ. "ಆವೋ ಬೇಬಿ, ಅಂದರ್ ಆವೋ. ಮೇಮ್‌ಸಾಬ್ ಬಾಹರ್ ಗಯೀ ಹೈ" ಎಂದು, ಮನೆಯೊಡತಿ ಮನೆಯಲ್ಲಿಲ್ಲವೆಂದು, ನಾನೇ ಅಂದುಬಿಟ್ಟೆ. ಇಬ್ಬರಿಗೂ ಚಹಾ ಕೊಟ್ಟೆ, ಕಪ್ಪು ತೊಳೆದೆ, ಅವರು ಕೂತಿರುವಷ್ಟು ಹೊತ್ತೂ ಕಟ್ಟೆಯ ಹತ್ತಿರ ನಿಂತೇ ಇದ್ದೆ. ಗೆಳತಿ ಹೋದ ಮೇಲೆ ಭುವಿ ಓಡಿ ಬಂದು ನನ್ನನ್ನು ಗಟ್ಟಿಯಾಗಿ ಅಪ್ಪಿಕೊಂಡಳು. ವರ್ಷದ ಮೇಲಾಗಿತ್ತು ಅವಳು ನನ್ನನ್ನು ಮುಟ್ಟಿ. ನಿನಗೆ ಹೇಗೆ ಗೊತ್ತಾಯಿತು ಎಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. "ಥ್ಯಾಂಕ್ಯೂ ಮಮ್ಮಿ" ಎಂದಳು. ಆಮೇಲೆ ಸೆರಗು ಹಿಡಿದುಕೊಂಡು, ಎಷ್ಟೋ ದಿನದ ಮೇಲೆ ನಮ್ಮ ಮಾತಿನಲ್ಲೇ, ತಡವರಿಸುತ್ತ ಕೇಳಿದಳು: "ಮಮ್ಮಿ, ಬುಧವಾರ ಗಣಪತಿ ನೋಡ್ಲಿಕ್ಕೆ ಮೂರು ಮಂದಿ ಫ್ರೆಂಡ್ಸ್ ಬರ್ತಾರ. ಆವತ್ತೂ ಹಂಗ ಮಾಡ್ತೀ ಅಲ್ಲ?" ಹೂಂ ಎಂದೆ.