ಏಪ್ರಿಲ್ ಮೂರಕ್ಕೆ ಮೊದಲೇ ಮುಗಿಯುವ ರಂಜಾನ್

೨೫ ಫೆಬ್ರವರಿ, ಮಂಗಳವಾರ

ನನ್ನ ಚೂಟಿ ಮಗಳಿಗೆ,

ಅಬ್ಬನ ಸಲಾಂ, ಮುದ್ದು. ನಿನ್ನ ಕಾಗದ ಬಂದು ಮೂರು ವಾರವಾಯಿತು. ಲಾಂಡ್ರಿಯಲ್ಲಿ ಬಾಯ್ಲರ್ ಕೆಟ್ಟು ಆಸ್ಪತ್ರೆಯ ಬಟ್ಟೆಯೆಲ್ಲ ರಾಶಿ ಬಿದ್ದಿತ್ತು ಎಂದು ನೆಪ ಹೇಳಬಹುದು. ಆದರೆ ಅದು ನಾಲ್ಕೇ ದಿನಕ್ಕೆ ಸರಿಹೋಯಿತು. ಬರೆಯಲು ನನಗೇ ಧೈರ್ಯ ಸಾಲಲಿಲ್ಲ. ತಪ್ಪಾಯಿತು ಕಣಮ್ಮ.

"ನಾನು ಬರುವಾಗ ರಂಜಾನ್ ಯಾಕೆ ಇರಲ್ಲ? ಅದು ಯಾಕೆ ಓಡಿ ಹೋಗುತ್ತೆ?" ಎಂದು ಕೇಳಿದ್ದೀಯ. ಅದು ಓಡುವುದಿಲ್ಲ. ಚಂದ್ರ ಕಂಡ ಸಂಜೆಯಿಂದ ಮತ್ತೆ ಹೊಸ ಚಂದ್ರ ಕಾಣುವವರೆಗೆ ನಮಗೆ ಒಂದು ತಿಂಗಳು. ಇಪ್ಪತ್ತೊಂಬತ್ತೋ ಮೂವತ್ತೋ ದಿನ. ಅಂಥ ಹನ್ನೆರಡು ಸೇರಿದರೂ ಗೋಡೆಯ ಕ್ಯಾಲೆಂಡರಿನ ವರ್ಷಕ್ಕಿಂತ ಹನ್ನೊಂದು ದಿನ ಕಡಿಮೆ. ಹಾಗಾಗಿ ಪ್ರತಿ ವರ್ಷ ಸುಮಾರು ಅಷ್ಟು ದಿನ ಮುಂಚೆಯೇ ಬರುತ್ತದೆ. ಈ ಸಲ ಶುಕ್ರವಾರ ಸಂಜೆ ಚಂದ್ರ ಕಂಡರೆ ಶನಿವಾರ ಮೊದಲ ರೋಜಾ, ಕಾಣದಿದ್ದರೆ ಭಾನುವಾರ.

ನಾನೂ ಅಮ್ಮಿಯೂ ಬೇರೆಯಾದಾಗ ನಿನಗೆ ಏಳು ವರ್ಷ. ರಂಜಾನ್ ತಿಂಗಳು ನೀನು ನನ್ನ ಜೊತೆ ಇರಬೇಕೆಂದು ಮಾತಾಗಿ, ವಕೀಲರು ಒಪ್ಪಂದದ ಕಾಗದದಲ್ಲಿ 'ಪ್ರತಿ ವರ್ಷ ಏಪ್ರಿಲ್ ಮೂರರಿಂದ ಮೇ ಎರಡರವರೆಗೆ' ಎಂದು ಬರೆದರು. ಆ ವರ್ಷ ಅದು ಸರಿಯಾಗಿಯೇ ಇತ್ತು. ನೀನು ಮಧ್ಯಾಹ್ನದವರೆಗೆ ಉಪವಾಸವಿದ್ದು ಅರ್ಧ ರೋಜಾ ಹಿಡಿದು, ಬಿಸ್ಕೆಟ್ ತಿಂದು, ಆಮೇಲೆ ಉಳಿದರ್ಧ ಹಿಡಿಯುತ್ತಿದ್ದೆ. ಮರುವರ್ಷ ಮೊದಲ ಹತ್ತು ದಿನ ಕೈತಪ್ಪಿದವು. ಹೋದ ವರ್ಷ ನಮಗೆ ಸಿಕ್ಕಿದ್ದು ಕೊನೆಯ ಒಂದು ವಾರ. ಈ ಸಲ ನೀನು ಬರುವ ಹೊತ್ತಿಗೆ ಹಬ್ಬವೂ ಮುಗಿದಿರುತ್ತದೆ. ಅದು ಮತ್ತೆ ನಮ್ಮ ತಾರೀಖಿಗೆ ಬಂದು ಕೂರಲು ಇನ್ನೂ ಮೂವತ್ತು ವರ್ಷ ಬೇಕು. ಆಗ ನಿನಗೆ ನಲವತ್ತು. ನಾನಿದ್ದರೆ ಇದ್ದೆ.

ಅಮ್ಮಿಗೆ ಫೋನ್ ಮಾಡಿದ್ದೆ. "ಮಾರ್ಚಲ್ಲಿ ಅವಳಿಗೆ ಪರೀಕ್ಷೆ. ಈಗ ಕಾಗದ ಬದಲಾಯಿಸಿದ್ರೂ ಹೇಗೆ ಕಳಿಸ್ಲಿ, ನೀವೇ ಹೇಳಿ" ಅಂದಳು. ನೀನು ಅವಳ ಜೊತೆ ಸರಿಯಾಗಿ ಮಾತಾಡುತ್ತಿಲ್ಲವಂತೆ, ತಟ್ಟೆ ಎತ್ತಿಕೊಂಡು ಹೋಗಿ ಬೇರೆ ಕೋಣೆಯಲ್ಲಿ ಉಣ್ಣುತ್ತೀಯಂತೆ.

ಇಲ್ಲಿ ಲಾಂಡ್ರಿಯಲ್ಲಿ ಬಟ್ಟೆ ಮಡಚುವ ಅಕ್ಕ ನಿನ್ನ ಬಗ್ಗೆ ಕೇಳುತ್ತಿರುತ್ತಾಳೆ. "ನಿನ್ನ ಪುಟ್ಟ ಸೂಪರ್‌ವೈಸರ್ ಯಾವಾಗ ಬರ್ತಾಳೆ? ಅವಳಿದ್ರೆ ನೀನು ಗಡ್ಡ ನೀಟಾಗಿ ಮಾಡ್ಕೊಂಡು ಬರ್ತೀಯ" ಎಂದು ಕಾಲೆಳೆಯುತ್ತಾಳೆ. ಹಬೆಯ ಮುಂದೆ ನಿಂತು ಗಂಟಲು ಒಣಗಿದಾಗ, ಸಂಜೆಗೆ ಮನೆಯಲ್ಲಿ ನೀನಿದ್ದೀಯ ಎನ್ನುವುದೊಂದೇ ಸಾಕಾಗುತ್ತಿತ್ತು. ಈ ಸಲ ರೋಜಾ ಬಿಡಲು ಒಬ್ಬನೇ ಕೂರಬೇಕು. ನೆನೆಸಿಕೊಂಡರೆ ಈಗಲೇ ಮನಸ್ಸು ಭಾರವಾಗುತ್ತದೆ.

ಪರೀಕ್ಷೆ ಚೆನ್ನಾಗಿ ಬರೆ. ಅಲ್ಲಾಹ್ ನಿನ್ನನ್ನು ನಗುನಗುತ್ತಾ ಇಟ್ಟಿರಲಿ.

ನಿನ್ನ ಅಬ್ಬ

ತಾ.ಕ.: ಇದು ಮರೆತು ಬಿಟ್ಟದ್ದಲ್ಲ, ಬರೆಯಲಾಗದೆ ಬಿಟ್ಟದ್ದು. ಆ ದಿನ ವಕೀಲರು "ರಂಜಾನ್ ಅಂತ ಬರೀಲಾ, ತಾರೀಖು ಹಾಕ್ಲಾ?" ಎಂದು ಕೇಳಿದರು. "ರಂಜಾನ್ ಅಂತಾನೇ ಬರೀರಿ, ಶಾಲೆದು ನಾನು ನೋಡ್ಕೊಳ್ತೀನಿ" ಎಂದವಳು ಅಮ್ಮಿ. ಚಂದ್ರ ಕಾಣಲಿಲ್ಲ ಎಂದು ಹೇಳಿ ನಿನ್ನನ್ನು ಒಂದು ದಿನ ತಡವಾಗಿ ಕಳಿಸಿಯಾಳು ಎಂಬ ಅನುಮಾನ ನನಗೆ. ಹಠ ಹಿಡಿದು ತಾರೀಖು ಹಾಕಿಸಿದವನು ನಾನು. ಹೋದ ವರ್ಷ ನೀನು "ಅಮ್ಮಿನೇ ಹೀಗೆ ಬರೆಸಿದ್ದಾ?" ಎಂದು ಕೇಳಿದಾಗ ಹೂಂ ಎಂದುಬಿಟ್ಟೆ. ಈ ಕಾಗದ ಅವಳ ಕೈಗೆ ಕೊಡು. ನನಗೆ ಹೇಳುವ ಮುಖವಿಲ್ಲ.