ಕ್ಯಾರಿಯರ್‌ಗೆ ಸುತ್ತಿದ ಕಂಬಳಿ

ಮಾವ,

ನಿನ್ನ ಹೆಂಡತಿ ಬಸ್ಸಲ್ಲಿ ಮಧುಗಿರಿಗೆ ಹೋಗಿದ್ದಾಳೆ. ಸೊಂಟ ಹಿಡಿದುಕೊಂಡಿದೆ, ಡಾಕ್ಟರಿಗೆ ತೋರಿಸಬೇಕು. ಮುದ್ದೆ ಮುಚ್ಚಿಟ್ಟಿದ್ದಾಳೆ. ಉಂಡು ಎದ್ದವನೇ ಸೈಕಲ್ಲಿನ ಆ ಕ್ಯಾರಿಯರ್ ಬಿಚ್ಚು.

ಈ ಗೇರ್ ಸೈಕಲ್ಲಿಗೆ ಕ್ಯಾರಿಯರ್ ಕೂರಿಸುವ ತೂತೇ ಇಲ್ಲ, ಕಬ್ಬಿಣದ ಪಟ್ಟಿ ಸುತ್ತಿ ಬಿಗಿಯಬೇಕು, ಪಟ್ಟಿಯೊಳಗೆ ರಬ್ಬರ್ ಇರಲಿ ಎಂದು ಸೈಕಲ್ ಶಾಪಿನವನು ಬಾಯಿಬಿಟ್ಟು ಹೇಳಿದ್ದ. "ನಮ್ ಕಂಬ್ಳಿಗಿಂತ ಗಟ್ಟಿನಾ ರಬ್ಬರು? ಸುಮ್ಕೆ ಕುಂತ್ಕಳಮ್ಮಿ" ಅಂದು ನೀನು ಹಳೇ ಕಂಬಳಿ ಹರಿದು ಸುತ್ತಿದೆ. ನಿನ್ನೆ ಬಡವನಹಳ್ಳಿ ದಾರಿಯಲ್ಲಿ ಹಿಂದೆ ಕೂತಿದ್ದ ನಿನ್ನ ಹೆಂಡತಿಯ ಮಡಿಲಲ್ಲಿದ್ದ ಕುರಿಮರಿ ಉಚ್ಚೆ ಹೊಯ್ಯಿತು. ಕಂಬಳಿ ನೆನೆದು ಪಟ್ಟಿ ಜಾರಿತು, ಕ್ಯಾರಿಯರ್ ವಾಲಿತು, ಅವಳೂ ಮರಿಯೂ ಮಣ್ಣಿಗೆ ಬಿದ್ದರು. ನೀನು ಸೈಕಲ್ ಬಿಸಾಕಿ ಓಡಿಬಂದು ಮರಿ ಎತ್ತಿಕೊಂಡೆ.

ಆ ಕಂಬಳಿ ತುಂಡು ಕಿತ್ತುಹಾಕು. ಹಿತ್ತಲ ಗೂಟದಲ್ಲಿ ಹಳೇ ಸೈಕಲ್ ಟ್ಯೂಬ್ ನೇತಾಡುತ್ತಿದೆ, ಕೊಯ್ದು ಸುತ್ತು. ಎರಡೂ ಕಡೆ ಬೋಲ್ಟನ್ನು ಸ್ವಲ್ಪ ಸ್ವಲ್ಪವಾಗಿ ಬಿಗಿ ಮಾಡು, ಒಂದೇ ಕಡೆ ತಿರುಪಿ ಶೌರ್ಯ ತೋರಿಸಬೇಡ. ಆಮೇಲೆ ಬೂಸಾ ಮೂಟೆ ಹೇರಿಕೊಂಡು ಹಟ್ಟಿ ಸುತ್ತಿ ಬಾ. ಮೂಟೆ ಅಲುಗಾಡದಿದ್ದರೆ ಸರಿ.

ಮರಿಗೆ ಏನೂ ಆಗಿಲ್ಲ, ಚೆನ್ನಾಗಿ ಹಾಲು ಕುಡಿಯುತ್ತಿದೆ. ಗಳಿಗೆಗೊಮ್ಮೆ ಕಾಲು ಹಿಡಿದು ನೋಡಬೇಡ.

ಸಾಯಂಕಾಲ ಬಸ್ ಸ್ಟಾಪಿಗೆ ಅದೇ ಸೈಕಲ್ಲಿನಲ್ಲಿ ಬಾ, ಕೂರುತ್ತೇನೆ. ಮರಿಯನ್ನು ಮಾತ್ರ ಮನೆಯಲ್ಲೇ ಬಿಟ್ಟು ಬಾ. ಮತ್ತೆ ಬಿದ್ದರೆ ನೀನು ಎತ್ತುವುದಕ್ಕೆ ನಾನೊಬ್ಬಳೇ ಇರಬೇಕು.

ನಿನ್ನ ಹೆಂಡತಿ ಅನಸೂಯ