ಗಾಳಿಯ ಮೀಟರ್ ಇಲ್ಲದ ಹೀಲಿಯಂ ಕೋಣೆ

ಕಾರ್ಖಾನೆಗಳ ಸುರಕ್ಷತೆ ನೋಡಿಕೊಳ್ಳುವ ಮಾನ್ಯ ಅಧಿಕಾರಿಗಳೇ,

ನಮ್ಮ ಹೀಲಿಯಂ ಶುದ್ಧೀಕರಣ ಕೋಣೆಯಲ್ಲಿದ್ದ ಆಮ್ಲಜನಕದ ಮೀಟರನ್ನು ರಿಪೇರಿಗೆಂದು ಕಳಚಿಕೊಂಡು ಹೋಗಿ ಏಳು ತಿಂಗಳಾಯಿತು. ಅದು ವಾಪಸ್ ಬರಲಿಲ್ಲ. ಈ ಮಂಗಳವಾರ ಅದೇ ಕೋಣೆಯಲ್ಲಿ ನನ್ನ ಅಕ್ಕನ ಗಂಡ ಸತ್ತರು. 'ಕಾರ್ಮಿಕನ ಅಜಾಗರೂಕತೆ' ಎಂಬ ತಮ್ಮ ವರದಿ ಮೂರೇ ದಿನದಲ್ಲಿ ಬಂತು. ತಮ್ಮ ಕಾರ್ಯದಕ್ಷತೆಗೆ ಕೈ ಮುಗಿಯಬೇಕು.

ತಾವು ಒಳಗೆ ಕಾಲಿಡದೆ ವರದಿ ಬರೆದಿರುವುದರಿಂದ ಹೇಳುತ್ತೇನೆ, ಕೇಳಿ. ನೆಲದಡಿಯಿಂದ ಬಂದ ಅನಿಲವನ್ನು ವಿಪರೀತ ತಣ್ಣಗೆ ಮಾಡಿದರೆ ಮಿಕ್ಕದ್ದೆಲ್ಲ ನೀರಿನಂತಾಗಿ ಇಳಿಯುತ್ತದೆ, ಹೀಲಿಯಂ ಮಾತ್ರ ಉಳಿಯುತ್ತದೆ. ಅದರ ಜೊತೆ ಉಳಿದ ಚೂರುಪಾರು ಸಾರಜನಕವನ್ನು ನಮ್ಮ ಕೋಣೆಯಲ್ಲಿ ಬೇರ್ಪಡಿಸಿ ಪೈಪಿನಲ್ಲಿ ಹೊರಗೆ ಬಿಡುತ್ತೇವೆ. ಎರಡಕ್ಕೂ ಬಣ್ಣವಿಲ್ಲ, ವಾಸನೆಯಿಲ್ಲ. ಸೋರಿದರೆ ಉಸಿರಾಡುವ ಗಾಳಿಯನ್ನು ಆಚೆ ತಳ್ಳಿ ತಾವೇ ತುಂಬಿಕೊಳ್ಳುತ್ತವೆ.

ಮೀಟರ್ ಇಲ್ಲದವರು ಏನು ಮಾಡಬೇಕಿತ್ತು? ಮಾತಾಡುತ್ತಾ ಕೆಲಸ ಮಾಡಿದೆವು. ಹೀಲಿಯಂ ಸೋರಿದರೆ ಗಂಟಲು ಕೀಚಲಾಗುತ್ತದೆ, ಕೀಚಲಾದರೆ ಓಟ. ಈ ಉಪಾಯವನ್ನು ಭಾವನಿಗೆ ಹೇಳಿಕೊಟ್ಟವನು ನಾನೇ. ಒಮ್ಮೆ ಅವರು ಮರಿಹಕ್ಕಿಯ ಗಂಟಲಲ್ಲಿ ಕಂಪನಿಯನ್ನು ಬೈಯುತ್ತಾ ಓಡಿಬಂದಾಗ ಪಾಳಿಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು.

ಮಂಗಳವಾರ ಸೋರಿದ್ದು ಸಾರಜನಕ. ಅದಕ್ಕೆ ಗಂಟಲು ಬದಲಾಗುವುದಿಲ್ಲ. ನಾನು ಹೊರಗಿನಿಂದ ಕೂಗಿ ಕೇಳಿದೆ. "ಗಂಟಲು ಸರಿಯಾಗೇ ಇದೆ ಕಣೋ, ಇನ್ನೊಂದು ನಟ್ಟು ಬಿಗಿದು ಬರ್ತೀನಿ" ಅಂದರು, ಎಂದಿನ ದಪ್ಪ ಗಂಟಲಲ್ಲೇ. ನಂಬಿದೆ. ಸ್ಪ್ಯಾನರ್ ನೆಲಕ್ಕೆ ಬಿದ್ದ ಸದ್ದು ಕೇಳಿ ಒಳಗೆ ನುಗ್ಗಲು ಹೋದೆ. ಇಬ್ಬರು ನನ್ನನ್ನು ಅಮುಕಿ ಹಿಡಿಯದಿದ್ದರೆ ತಮ್ಮ ವರದಿಯಲ್ಲಿ ಎರಡು ಹೆಣ ಇರುತ್ತಿದ್ದವು.

ಅಜಾಗರೂಕತೆ ನನ್ನದೆಂದು ಬರೆಯಿರಿ, ಒಪ್ಪಿ ಸಹಿ ಹಾಕುತ್ತೇನೆ. ಆದರೆ ಪ್ರತಿ ತಿಂಗಳ ತಪಾಸಣೆಗೆ ಬಂದು ಬಾಗಿಲಿನಿಂದಲೇ ಮೀಟರ್ ಇಲ್ಲದ ಗೋಡೆ ನೋಡಿಯೂ 'ಎಲ್ಲವೂ ಸುಸ್ಥಿತಿಯಲ್ಲಿದೆ' ಎಂದು ಏಳು ಸಲ ಸಹಿ ಹಾಕಿದ ಕೈ ಯಾರದು? ನಾವು ಕೊಟ್ಟ ಮೂರು ದೂರುಗಳನ್ನು ನಮೂನೆ ಸರಿಯಿಲ್ಲವೆಂದು ಹಿಂದಿರುಗಿಸಿದ ಕಚೇರಿ ಯಾವುದು? ಉಸಿರು ಕಟ್ಟಿ ಸಾಯುವುದಕ್ಕೂ ನಮೂನೆ ಇದೆಯೇ?

ಸೋಮವಾರ ಕೋಣೆ ಮತ್ತೆ ಶುರುವಾಗುತ್ತದಂತೆ. ಭಾವನ ಜಾಗಕ್ಕೆ ಹಾಕಿರುವುದು ನನ್ನನ್ನು. ಅಕ್ಕ ಅಳುವುದನ್ನೂ ಬಿಟ್ಟಿದ್ದಾಳೆ. "ನೀನು ಕೂಗಿ ಕೇಳ್ದೆ, ಅವರು ಸರಿ ಇದ್ದೀನಿ ಅಂದ್ರು. ನಾಳೆ ನೀನು ಸರಿ ಇದ್ದೀನಿ ಅಂದ್ರೆ ನಾನು ನಂಬ್ಲಾ?" ಎಂದು ಕೇಳಿದಳು. ಎದ್ದು ಬಂದು ಈ ಪತ್ರ ಬರೆಯಲು ಕೂತೆ.

ಪರಿಹಾರ ಕೇಳುತ್ತಿಲ್ಲ. ಸಂತಾಪವಂತೂ ಬೇಡವೇ ಬೇಡ. ಸೋಮವಾರ ಬೆಳಿಗ್ಗೆ ಆರರೊಳಗೆ ಗೋಡೆಗೆ ಮೀಟರ್ ಹಾಕಿಸಿ, ಇಲ್ಲವೇ ಕೋಣೆಗೆ ಬೀಗ ಹಾಕಿಸಿ. ಎರಡೂ ತಮ್ಮಿಂದಾಗದಿದ್ದರೆ, ಒಳಗಿರುವುದು ಗಾಳಿಯೇ ಎಂದು ನಾನು ಯಾವುದರಿಂದ ತಿಳಿಯಬೇಕು, ಒಂದು ಸಾಲು ಬರೆದು ಕಳಿಸಿ. ಅಕ್ಕನಿಗೆ ಓದಿ ಹೇಳುತ್ತೇನೆ.

ಇಂತಿ,
ಸೋಮವಾರದ ಬೆಳಗಿನ ಪಾಳಿಯವನು,
ಸದ್ಯಕ್ಕೆ ಉಸಿರಾಡುತ್ತಿದ್ದೇನೆ